ಮಾತು ಹೇಳಿಕೊಡುವವಳು

ಮಾರ್ಚ್ ೯, ಭಾನುವಾರ
ಮನೆಯಿಂದ

ಪ್ರೀತಿಯ ರಾಣಿ,

ನಿನ್ನ ಪತ್ರ ಬಂದ ದಿನವೇ ಅದನ್ನು ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿಟ್ಟೆ. ಗಂಟೆ ನೋಡಿದಾಗಲೆಲ್ಲ ಉತ್ತರ ಬರೆಯುವುದು ನೆನಪಾಗಲಿ ಎಂದು. ನೆನಪೇನೋ ಆಯಿತು, ಬರೆಯುವುದು ಮಾತ್ರ ಆಗಲಿಲ್ಲ. ಕ್ಷಮಿಸು ಎಂದರೆ ನಗುತ್ತೀಯ, ಆದರೂ ಕ್ಷಮಿಸು. ಮಂಡಿ ನೋವು ಹೇಗಿದೆ? ಬಾಲ್ಕನಿಯ ಟೊಮೇಟೊ ಗಿಡಗಳು ಕಾಯಿ ಬಿಟ್ಟವೋ, ಈ ಸಲವೂ ಬರೀ ಎಲೆಯ ಜಂಬವೋ? ಫೋನ್ ಮಾಡಬಹುದಿತ್ತು ನಿಜ. ಆದರೆ ನಿನ್ನ ಕಿವಿ ಮಂದವಾಗಿದೆ, ನನ್ನ ಗಂಟಲಲ್ಲಿ ಪಿಸುಮಾತು ಬಿಟ್ಟರೆ ಬೇರೇನೂ ಹೊರಡುವುದಿಲ್ಲ. ಹೋದ ಸಲ ಇಬ್ಬರೂ "ಆಂ? ಆಂ?" ಎಂದುಕೊಂಡೇ ಫೋನ್ ಇಟ್ಟೆವಲ್ಲ. ಅದಕ್ಕಿಂತ ಪತ್ರ ವಾಸಿ.

ಯಜಮಾನರ ವಿಷಯ ಕೇಳಿದ್ದೀಯ. ಲಕ್ವ ಹೊಡೆದು ಆರು ತಿಂಗಳಾಯಿತು. ಕೈಕಾಲು ಮುಕ್ಕಾಲು ಪಾಲು ವಾಪಸು ಬಂದಿವೆ. ಬಲಗೈ ಸ್ವಲ್ಪ ಸೋಮಾರಿ, ಅಷ್ಟೇ. ಮಾತೂ ಇದೆ. ಹೋದದ್ದು ತಲೆಯೊಳಗಿನ ಕ್ರಮ. ಶರ್ಟಿನ ಒಂದು ತೋಳು ಹಾಕಿಕೊಳ್ಳುತ್ತಾರೆ, ಇನ್ನೊಂದು ತೋಳು ಎಂಬುದು ಇದೆ ಎನ್ನುವುದನ್ನೇ ಮರೆತು ಕಿಟಕಿ ನೋಡುತ್ತಾ ನಿಲ್ಲುತ್ತಾರೆ. ಸ್ನಾನಕ್ಕೆ ಹೋದವರು ಬಕೆಟ್ ತುಂಬಿದ ಮೇಲೆ ಮುಂದೇನು ಎಂದು ನನ್ನನ್ನು ಕೂಗುತ್ತಾರೆ. ಕೂಗುವುದು ಎಂದರೆ ಹೆಸರು ಹಿಡಿದಲ್ಲ, "ಯಾರಾದ್ರೂ ಇದೀರಾ?" ಎಂದು.

ಡಾಕ್ಟರು ನೇರ ಮನುಷ್ಯ. "ಬಿಪಿಗೆ ಮಾತ್ರೆ ಇದೆ, ರಕ್ತ ತೆಳುವಾಗೋಕೆ ಮಾತ್ರೆ ಇದೆ. ನೆನಪಿಗೆ, ಗಮನಕ್ಕೆ ಅಂತ ಕೊಡೋ ಮಾತ್ರೆ ನನ್ನ ಹತ್ರ ಇಲ್ಲಮ್ಮ. ಅದನ್ನ ಕೆಲಸ ಮಾಡಿಸಿ ಮಾಡಿಸಿಯೇ ವಾಪಸ್ ಕರ್ಕೊಂಡ್ ಬರ್ಬೇಕು. ಎಷ್ಟು ಬರತ್ತೆ ಅಂತ ಮಾತ್ರ ಕೇಳ್ಬೇಡಿ" ಎಂದರು. ಕೇಳಬೇಡಿ ಎಂದ ಮೇಲೆ ನಾನು ಕೇಳಲಿಲ್ಲ. ಒಂದು ತರಬೇತಿ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು.

ಆ ಕೇಂದ್ರ ಹಿಂದೆ ಬ್ಯಾಂಕ್ ಆಗಿದ್ದ ಕಟ್ಟಡದಲ್ಲಿದೆ. ಕ್ಯಾಷಿಯರ್ ಗೂಡಿನಲ್ಲಿ ಈಗ ಬಣ್ಣದ ರಬ್ಬರ್ ಚೆಂಡುಗಳು, ತಿಜೋರಿ ಕೋಣೆಯಲ್ಲಿ ಕಂಪ್ಯೂಟರುಗಳು. ಹೋದ ತಕ್ಷಣ ನಿಂತಲ್ಲೇ ತುಳಿಯುವ ಸೈಕಲ್. ಅದನ್ನು ನೋಡಿಕೊಳ್ಳುವ ದಪ್ಪ ಮೀಸೆಯವರಿಗೆ ನಾನು ಸೈಕಲ್ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಬೆವರು ಬರುವವರೆಗೆ ತುಳಿಸುತ್ತಾರೆ. ಬೆವರು ಆರುವ ಮೊದಲೇ ಕಂಪ್ಯೂಟರಿನ ಮುಂದೆ ಕೂರಿಸಿ ಜೋಡಿ ಚಿತ್ರ ಹುಡುಕುವ ಆಟ. ಅಲ್ಲಿಂದ ಎದ್ದರೆ ಡೋಲಿನ ತಾಳಕ್ಕೆ ಹೆಜ್ಜೆ ಹಾಕುತ್ತಾ, ಹೆಜ್ಜೆಗೊಂದು ತರಕಾರಿಯ ಹೆಸರು ಹೇಳುವುದು. ಇವೆಲ್ಲ ಬೇರೆ ಬೇರೆ ದಿನ ಮಾಡಬಾರದೇ, ಮನುಷ್ಯನಿಗೆ ಉಸಿರಾಡಲು ಬಿಡಿ ಎಂದೆ. "ಒಂದೇ ಕೈಲಿ ಚಪ್ಪಾಳೆ ಆಗತ್ತಾ ಮೇಡಂ? ಮೈ ಬಿಸಿಯಾದಾಗ ತಲೆನೂ ಚುರುಕಾಗತ್ತೆ, ಆಗ ಕಲಿಸಿದ್ದು ಹಿಡ್ಕೊಳತ್ತೆ. ಒಂದರ ಬೆನ್ನಿಗೆ ಒಂದು ಕಟ್ಟಿದ್ರೇನೇ ಗುಣ" ಎಂದರು ಸೈಕಲ್ ಮೇಷ್ಟ್ರು. ಎಲ್ಲರಿಗೂ ಗುಣ ಕಾಣುತ್ತದೆಯೇ ಎಂದರೆ ಮೀಸೆ ತಿರುವಿಕೊಂಡು ಸೈಕಲ್ಲಿನ ಸೀಟು ಒರೆಸತೊಡಗಿದರು.

ಕಂಪ್ಯೂಟರಿನ ಹತ್ತಿರ ಇರುವಾಕೆ ಮೂವತ್ತರ ಆಸುಪಾಸಿನವಳು. ಯಜಮಾನರು ಆಕೆಯನ್ನು ಟೀಚರಮ್ಮ ಎನ್ನುತ್ತಾರೆ. ಮೊದಲ ದಿನ ಆಕೆ ಪರೀಕ್ಷೆ ಮಾಡಿದಳು. ಇವತ್ತು ಯಾವ ವಾರ, ಇದು ಯಾವ ತಿಂಗಳು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಈ ಐದು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಿ. ನಾನು ಆಕೆಯ ಕುರ್ಚಿಯ ಹಿಂದೆ ಕೂತಿದ್ದೆ. ಯಜಮಾನರು ಠೀವಿಯಿಂದ ಒಂದೊಂದೇ ಉತ್ತರ ಕೊಟ್ಟರು. ಕೊನೆಗೆ ನನ್ನನ್ನು ತೋರಿಸಿ, "ಸರ್, ಇವರು ಯಾರು?" ಎಂದಳು. "ಹೆಂಡತಿ" ಎಂದರು. ಟೀಚರಮ್ಮ ಹುಬ್ಬೇರಿಸಿದಳು. ಮೆದುಳಿನ ಸ್ಕ್ಯಾನಿನಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆಯೇ ಇಲ್ಲ ಎಂದು.

ಎರಡನೆಯ ಸಲ ಗುಟ್ಟು ರಟ್ಟಾಯಿತು. ಆರಿದ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆಕೆಗೆ ನನ್ನ ಮುಖ ಕಂಡಿತು. ಯಜಮಾನರು ಆಕೆಯ ತಲೆಯ ಮೇಲಿಂದ ನನ್ನನ್ನು ನೋಡುತ್ತಾರೆ, ನನ್ನ ತುಟಿ ಅಲ್ಲಾಡುತ್ತದೆ, ಅವರ ಬಾಯಿಂದ ಉತ್ತರ ಬರುತ್ತದೆ. "ಅಮ್ಮಾ, ಪರೀಕ್ಷೆಗೆ ಕೂತಿರೋದು ಯಾರು?" ಎಂದು ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಬೇಕೆಂದು ಮಾಡಿದ್ದಲ್ಲ ರಾಣಿ, ನಿನ್ನಾಣೆ. ಮೂವತ್ತು ವರ್ಷ ಸೈಡ್‌ವಿಂಗಿನ ಕತ್ತಲಲ್ಲಿ, ತೊಡೆಯ ಮೇಲೆ ಹಸ್ತಪ್ರತಿ ಇಟ್ಟುಕೊಂಡು, ಮಾತು ಮರೆತ ನಟನಿಗೆ ಮಾತು ಕೊಟ್ಟವಳು ನಾನು. ಅವರು ಹೀರೋ, ನೀನು ಹೀರೋಯಿನ್, ನಾನು ಪ್ರಾಂಪ್ಟರ್. ರಾಣಿಯ ವೇಷ ಕಳಚಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗಲೂ ನಾಟಕ ತಂಡದವರು ನಿನ್ನನ್ನು ರಾಣಿ ಎಂದೇ ಕರೆದರು, ನನ್ನನ್ನು ಪಿಸು ಎಂದರು. ಅವರ ಕಣ್ಣು ನನ್ನ ಕಡೆ ಹೊರಳಿದರೆ ನನ್ನ ತುಟಿ ತಾನಾಗಿ ಅಲ್ಲಾಡುತ್ತದೆ. ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುವುದಿಲ್ಲವೇ, ಹಾಗೆ.

ಮೂರನೆಯ ಸಲ ನನ್ನನ್ನು ಗಾಜಿನ ಬಾಗಿಲಿನ ಆಚೆ, ಅವರಿಗೆ ಬೆನ್ನು ತಿರುಗಿಸಿ ಕೂರಿಸಿದರು. ಅರ್ಧಕ್ಕಿಂತ ಕಡಿಮೆ ಬಂತು. ಆಚೆ ಕೂತಿರುವವರು ಯಾರು ಎಂದರೆ ಬಹಳ ಹೊತ್ತು ಯೋಚಿಸಿ, "ನಮ್ಮವರೇ... ನಮ್ಮ ಕಡೆಯವರು" ಎಂದರಂತೆ. ಮದುವೆ ಮನೆಯಲ್ಲಿ ಗುರುತು ಸಿಗದ ನೆಂಟರಿಗೆ ಹೇಳುವ ಹಾಗೆ.

ಅವತ್ತು ಟೀಚರಮ್ಮ ನನಗೂ ಒಂದು ಪಾಠ ಕೊಟ್ಟಳು. "ಅವರು ತಡವರಿಸಿದ್ರೆ ಮನಸ್ಸಲ್ಲೇ ಹತ್ತು ಎಣಿಸಿ. ಆಮೇಲೂ ಬರ್ಲಿಲ್ಲ ಅಂದ್ರೆ ಸುಳಿವು ಕೊಡಿ, ಉತ್ತರ ಕೊಡ್ಬೇಡಿ. ನೀವು ಕೊಟ್ಟಿದ್ದು ಅವರದ್ದಾಗಲ್ಲಮ್ಮ" ಎಂದಳು. ನನ್ನ ಕಸುಬಿನಲ್ಲಿ ಹತ್ತು ಎಣಿಸುತ್ತಾ ಕೂತರೆ ಪರದೆ ಬಿದ್ದು ಜನ ಮನೆಗೆ ಹೋಗಿರುತ್ತಾರೆ! ಆದರೂ ಒಪ್ಪಿಕೊಂಡಿದ್ದೇನೆ. ಯಾಕೆಂದರೆ, ರಾಣಿ, ನನಗೆ ಬೇಕಾದದ್ದು ಒಂದೇ. ಅವರು ಏಳೇಳು ಕಳೆಯದಿದ್ದರೆ ಬೇಡ, ತರಕಾರಿಯ ಹೆಸರು ಹೇಳದಿದ್ದರೆ ಬೇಡ. ನನ್ನ ತುಟಿ ಅಲ್ಲಾಡದೆ, ಒಂದೇ ಒಂದು ಸಲ, ಅವರ ಬಾಯಿಂದ ನಾನು ಯಾರು ಎಂಬುದು ಬರಬೇಕು.

ಈಗ ನಿನ್ನಿಂದ ಒಂದು ಉಪಕಾರ. ಕೇಂದ್ರದಲ್ಲಿ ಮಾಡಿಸುವುದರ ಜೊತೆಗೆ ಮನೆಯಲ್ಲೂ ಒಂದು ಅಭ್ಯಾಸ ಬೇಕಂತೆ. ಅವರಿಗೆ ಇಷ್ಟವಾದದ್ದು, ಹಳೆಯದು, ಮಾತು ಮತ್ತು ಓಡಾಟ ಎರಡೂ ಇರುವಂಥದ್ದು. "ಮನೇಲಿ ಇಬ್ಬರೂ ಏನ್ ಮಾತಾಡ್ತಿದ್ರಿ, ಅದನ್ನೇ ಶುರು ಮಾಡಿ" ಎಂದಳು ಟೀಚರಮ್ಮ. ನಾವೇನು ಮಾತಾಡುತ್ತಿದ್ದೆವು? ಉಪ್ಪು ಕಡಿಮೆ. ಲೈಟ್ ಆರಿಸು. ನಾಳೆ ರಿಹರ್ಸಲ್ ಎಷ್ಟು ಗಂಟೆಗೆ. ಬೇರೆ ಮಾತೆಲ್ಲ ಸ್ಟೇಜಿನ ಮೇಲೆ ಖರ್ಚಾಗಿ ಹೋಗುತ್ತಿತ್ತು. ಏನು ಮಾಡಲಿ ಎಂದು ತಲೆ ಕೆರೆದುಕೊಂಡು, ಒಂದು ಬೆಳಿಗ್ಗೆ 'ಬೀಗದ ಕೈ' ನಾಟಕದ ಗಂಡನ ಮೊದಲ ಪದ ಕೊಟ್ಟೆ. ಗಂಡಹೆಂಡಿರು ಕಳೆದ ಬೀಗದ ಕೈ ಹುಡುಕುತ್ತಾ ಮನೆಯೆಲ್ಲ ತಡಕಾಡುವ ದೃಶ್ಯ ನೆನಪಿದೆಯಲ್ಲ? "ಎಲ್ಲಿಟ್ಟೆ" ಎಂದೆ, ಅಷ್ಟೇ. ಮನುಷ್ಯ ಎದ್ದು ನಿಂತು, ಡ್ರಾಯರ್ ಎಳೆದು, ದಿಂಬು ಎತ್ತಿ, ಇಡೀ ಪುಟ ಗಡಗಡ ಹೇಳಿಬಿಟ್ಟರು! ಶರ್ಟಿನ ತೋಳು ಮರೆತವರಿಗೆ ಆ ಪುಟ ಅಚ್ಚೊತ್ತಿದಂತೆ ಇದೆ. ಟೀಚರಮ್ಮನಿಗೆ ಹೇಳಿದರೆ ಕುಣಿದಾಡಿದಳು. ನಡೆಯುವುದು, ಹುಡುಕುವುದು, ಮಾತು, ಸರದಿ, ಎಲ್ಲ ಒಂದೇ ಕಡೆ ಸಿಕ್ಕಿತು, ಇದನ್ನು ಬಿಡಬೇಡಿ ಎಂದಳು.

ತೊಡಕು ಏನೆಂದರೆ ಹೆಂಡತಿಯ ಮಾತು ನಾನು ಹೇಳಿದರೆ ನಿಂತುಬಿಡುತ್ತಾರೆ. ನನ್ನದು ಪ್ರಾಂಪ್ಟರಿನ ದನಿ, ಭಾವ ಹಾಕದೆ ಹೇಳಿಯೇ ಅಭ್ಯಾಸ. ನಟನಿಗೆ ಮಾತು ಮಾತ್ರ ಕೊಡಬೇಕು, ಕೋಪವನ್ನೋ ಅಳುವನ್ನೋ ಕೊಡಬಾರದು ಎಂದು ನಾಟಕ ಆಡಿಸುತ್ತಿದ್ದ ನಮ್ಮ ದೊಡ್ಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು. "ಹೆಂಡತಿ ಎಲ್ಲಿ? ಅವಳ ಮಾತು ಬರ್ಲಿ" ಎಂದು ಯಜಮಾನರು ಬಾಗಿಲ ಕಡೆ ನೋಡುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ಆಗ ನೀನೇ ಆಡುತ್ತಿದ್ದ ಹೆಂಡತಿಯ ಮಾತುಗಳನ್ನು ನಿನ್ನ ಮೊಮ್ಮಗಳ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೀಯಾ? ಅವರ ಮಾತಿಗೆ ಜಾಗ ಬಿಟ್ಟು ಬಿಟ್ಟು ಹೇಳು. ಹಸ್ತಪ್ರತಿಯ ಪುಟಗಳನ್ನು ಇದರೊಂದಿಗೆ ಇಟ್ಟಿದ್ದೇನೆ.

ಮನೆಯವರಿಗೆಲ್ಲ ನಮಸ್ಕಾರ, ಮೊಮ್ಮಗಳಿಗೆ ಆಶೀರ್ವಾದ.

ನಿನ್ನ
ಪಿಸು

ತಾ.ಕ. ಪುಟದ ಅಂಚಿನಲ್ಲಿ ಟೀ ಕಲೆ ಇದೆ. ಅದು ನೀನೇ ಮಾಡಿದ್ದು, ನಾನಲ್ಲ.


ಮೇ ೧೮, ಭಾನುವಾರ
ಮನೆಯಿಂದ

ಪ್ರೀತಿಯ ರಾಣಿ,

ಈ ಸಲವೂ ತಡ. ಆದರೆ ಈ ಸಲದ ತಡಕ್ಕೆ ಕಾರಣ ನೀನೇ, ನಿನ್ನ ದನಿ ಮನೆಗೆ ಬಂದಾಗಿನಿಂದ ನಮಗೆ ಪುರುಸೊತ್ತಿಲ್ಲ. ಮೊದಲ ದಿನ ರೆಕಾರ್ಡ್ ಹಾಕಿದಾಗ ಮಹಡಿಯ ಮೇಲಿರುವ ನನ್ನ ನಾದಿನಿ ಕೆಳಗೆ ಓಡಿಬಂದು, "ಅತ್ತಿಗೆ, ಯಾರು ಬಂದಿದ್ದಾರೆ? ಅಣ್ಣನ್ನ ಹಂಗೆ ಗದರ್ತಾ ಇದಾರಲ್ಲ!" ಎಂದಳು. ಫೋನು ತೋರಿಸಿದೆ. "ಅಯ್ಯೋ, ನಾನು ನಿಮಗೇ ಧೈರ್ಯ ಬಂತು ಅಂದ್ಕೊಂಡೆ" ಎಂದು ಹೊರಟುಹೋದಳು. ನಿನ್ನ ಗಂಟಲಿಗೆ ಒಂದಿಷ್ಟೂ ವಯಸ್ಸಾಗಿಲ್ಲ. ಮಂಡಿಗೆ ಆದದ್ದೆಲ್ಲ ಮಂಡಿಗೇ ಇರಲಿ.

ನಮ್ಮ ಬೆಳಗು ಈಗ ಹೀಗೆ. ಸೈಕಲ್ ಮೇಷ್ಟ್ರು ಕುರ್ಚಿಯ ಮುಂದೆ ಇಟ್ಟು ತುಳಿಯುವ ಪೆಡಲ್ ಒಂದನ್ನು ಕೊಟ್ಟಿದ್ದಾರೆ. ಅದನ್ನು ತುಳಿದು ಮೈ ಬಿಸಿಯಾದ ಮೇಲೆ ನಾಟಕ. ನೀನು "ರೀ, ಮೊದಲು ಜೇಬು ನೋಡ್ಕೊಳ್ಳಿ" ಎನ್ನುತ್ತೀಯ, ಅವರು ಡ್ರಾಯರಿಗೆ ಹೋಗುತ್ತಾರೆ. "ನೀವೇ ಇಟ್ಟಿದ್ದು, ನೀವೇ ಹುಡುಕಿ" ಎನ್ನುತ್ತೀಯ, ಅವರು ಕಪಾಟಿಗೆ ಹೋಗುತ್ತಾರೆ. ಟೀಚರಮ್ಮ ಇದಕ್ಕೂ ಒಂದು ಮಸಾಲೆ ಸೇರಿಸಿದ್ದಾಳೆ. ದಿನಾ ನಿಜವಾದ ಬೀಗದ ಕೈಯನ್ನು ನಾನು ಬೇರೆ ಬೇರೆ ಕಡೆ ಅಡಗಿಸಬೇಕು, ನಿನ್ನೆ ಎಲ್ಲಿತ್ತು, ಮೊನ್ನೆ ಎಲ್ಲಿತ್ತು ಎಂದು ಅವರು ನೆನಪಿನಿಂದ ಹೇಳಬೇಕು. ಮೊದಲು ಅವರಿಗೆ ಸಿಗುತ್ತಿರಲಿಲ್ಲ. ಈಗ ನಾನು ಅಡಗಿಸಿದ ಜಾಗ ನನಗೇ ಮರೆತು, ಅವರೇ ಹುಡುಕಿಕೊಡುತ್ತಾರೆ.

ಗುಣ ಕಾಣುತ್ತಿದೆ ಎಂದು ಬರೆಯಲು ಭಯ, ದೃಷ್ಟಿ ತಾಗೀತು ಎಂದು. ಆದರೂ ಬರೆಯುತ್ತೇನೆ. ಶರ್ಟಿನ ಎರಡು ತೋಳೂ ಸಿಕ್ಕಿವೆ. ಕೇಂದ್ರದಲ್ಲಿ ಜೋಡಿ ಚಿತ್ರದ ಆಟದಲ್ಲಿ ಪಕ್ಕದ ಕುರ್ಚಿಯ ನಿವೃತ್ತ ಪೈಲಟ್ಟನ್ನು ಸೋಲಿಸಿದರು. ವಿಮಾನ ಓಡಿಸಿದವನನ್ನು ಸೋಲಿಸಿದೆ ಎಂದು ಮನೆಗೆ ಬರುವವರೆಗೂ ಮೀಸೆ ಇಲ್ಲದ ಜಾಗ ತಿರುವಿಕೊಂಡರು. ಹೋದ ವಾರ ತಾವೇ ಟೀ ಮಾಡಿದರು. ನೀರು, ಪುಡಿ, ಹಾಲು, ಸಕ್ಕರೆ, ಕ್ರಮ ತಪ್ಪಲಿಲ್ಲ. ಮೂರು ಕಪ್ ಮಾಡಿದ್ದರು. ತಂಗಿಗೂ ಸೇರಿಸಿ ಮಾಡಿದ್ದಾರೆ ಎಂದುಕೊಂಡೆ. ನಾದಿನಿ ಮನೆಯಲ್ಲಿರಲಿಲ್ಲ, ಮೂರನೆಯದನ್ನೂ ನಾನೇ ಕುಡಿದೆ. ಅಭ್ಯಾಸಕ್ಕೆ ಮೊದಲು ತಲೆ ಬಾಚಿಕೊಳ್ಳುತ್ತಾರೆ, ಕಾಲರ್ ಸರಿಮಾಡಿಕೊಳ್ಳುತ್ತಾರೆ. ನನ್ನ ಮುಂದೆ ಇಷ್ಟು ವರ್ಷ ಬನಿಯನ್ನಿನಲ್ಲಿ ಓಡಾಡಿದ ಮನುಷ್ಯ! ಹಳೆಯ ಎಂಟ್ರಿಯ ಚಾಳಿ, ಹೋಗುವುದಿಲ್ಲ.

ನಾನೂ ಸುಧಾರಿಸಿದ್ದೇನೆ. ಹತ್ತು ಎಣಿಸುವುದನ್ನು ಕಲಿತಿದ್ದೇನೆ. ಮೊದಲು ಮೂರಕ್ಕೇ ತುಟಿ ತುರಿಸುತ್ತಿತ್ತು. ನಾಟಕದಲ್ಲಿ ಎರಡು ಬಗೆಯ ಮೌನ ಇರುತ್ತದೆ ಎಂದು ನಿನಗೆ ನಾನು ಹೇಳಬೇಕಿಲ್ಲ. ಒಂದು ನಟ ಬೇಕೆಂದೇ ನಿಲ್ಲುವುದು, ಒಂದು ಮರೆತು ನಿಲ್ಲುವುದು. ಉಸಿರು ಒಳಗೆ ಹೋದ ರೀತಿಯಿಂದಲೇ ನಾನು ಯಾವುದು ಯಾವುದೆಂದು ಗುರುತಿಸುತ್ತಿದ್ದೆ, ತಪ್ಪಿದ್ದೇ ಇಲ್ಲ. ಈಗ ಗುರುತು ಸಿಗುವುದಿಲ್ಲ. ಅವರು ನಿಂತಾಗ ಒಳಗೆ ಹುಡುಕುತ್ತಿದ್ದಾರೋ, ಹುಡುಕಲು ಒಳಗೆ ಏನೂ ಇಲ್ಲವೋ, ತಿಳಿಯದೆ ಕಾಯುತ್ತೇನೆ. ಕಾದರೆ ಬಹಳ ಸಲ ಬರುತ್ತದೆ. ಬಂದದ್ದು ಅವರದ್ದೇ ಮಾತು ಎಂದು ಟೀಚರಮ್ಮ ಬೆನ್ನು ತಟ್ಟುತ್ತಾಳೆ. ನನ್ನ ಬೆನ್ನನ್ನು.

ಮೊನ್ನೆ ಮಾತ್ರ ತಪ್ಪಿದರು. ಎರಡನೆಯ ಪುಟದಿಂದ ನಾಲ್ಕನೆಯ ಪುಟಕ್ಕೆ ಹಾರಿದರು. ಆ ನದಿ ದಂಡೆಯ ಊರಿನ ಪ್ರದರ್ಶನ ನೆನಪಾಯಿತು. ಖಳನಾಯಕ ಇನ್ನೂ ಸೈಡಿನಲ್ಲಿ ಬೀಡಿ ಸೇದುತ್ತಿದ್ದಾಗಲೇ ಇವರು "ಅವನನ್ನು ನಾನೇ ಕೊಂದೆ" ಎಂದುಬಿಟ್ಟರಲ್ಲ? ನೀನು ಕಣ್ಣು ಮಿಟುಕಿಸದೆ ಗೊಳೋ ಎಂದು ಅತ್ತೆ. ನಾನು ಪುಟ ತಿರುಗಿಸಿ ಮುಂದಿನ ಮಾತು ಕೊಟ್ಟೆ. ನಟ ಧೈರ್ಯವಾಗಿ ತಪ್ಪು ಮಾತು ಆಡಿದರೆ ಅದನ್ನು ತಿದ್ದಬೇಡ, ಅದರ ಮುಂದಿನದನ್ನು ಕೊಡು, ಅದು ನಮ್ಮ ಕಸುಬಿನ ಮೊದಲ ಪಾಠ. ಖಳನಾಯಕನಿಗೆ ಮಾತ್ರ ಅವತ್ತು ಮೇಕಪ್ಪು ದಂಡ.

ಕೊನೆಯಲ್ಲಿ ಸಿಹಿ ಸುದ್ದಿ ಇಟ್ಟುಕೊಂಡಿದ್ದೇನೆ. ನಿನ್ನೆ ಕೇಂದ್ರಕ್ಕೆ ಹೊರಡುವಾಗ, ನಾನು ಅಡುಗೆಮನೆಯಲ್ಲಿದ್ದೆ, ಬಾಗಿಲ ಹತ್ತಿರದಿಂದ "ಪಿಸು, ನನ್ನ ಚಪ್ಪಲಿ ಎಲ್ಲಿ?" ಎಂದರು. ಪಿಸು! ಹೆಸರು ಹಿಡಿದು ಕೂಗಿದ್ದು ಲಕ್ವ ಹೊಡೆದ ಮೇಲೆ ಅದೇ ಮೊದಲು. ಮನೆಯಲ್ಲಿ ಅವರು ನನ್ನನ್ನು ಯಾವತ್ತೂ "ಲೇ" ಎಂದು ಕರೆದವರೇ ಹೊರತು ಪಿಸು ಎಂದವರಲ್ಲ, ಅದು ತಂಡದವರ ಹೆಸರು. ಇರಲಿ. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಚಪ್ಪಲಿ ಕೊಟ್ಟು, ಅಲ್ಲೇ ಕೂತು ಅತ್ತೆ. "ಏನಾಯ್ತು ನಿಂಗೆ?" ಎಂದು ಬೈದರು. ಬೈಗುಳ ಅಷ್ಟು ರುಚಿ ಎಂದು ಗೊತ್ತಿರಲಿಲ್ಲ.

ಜುಲೈನಲ್ಲಿ ದೊಡ್ಡ ಪರೀಕ್ಷೆ ಇದೆ. ಮೊದಲಿನ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಾರಂತೆ. ನನಗೆ ಇರುವ ಆತಂಕ ಅವರಿಗಿಲ್ಲ. ನಿನ್ನ ಟೊಮೇಟೊಗಳಿಗೆ ನನ್ನ ಆಶೀರ್ವಾದ.

ನಿನ್ನ
ಪಿಸು


ಜುಲೈ ೨೦, ಭಾನುವಾರ
ಮನೆಯಿಂದ

ಪ್ರೀತಿಯ ರಾಣಿ,

ಪರೀಕ್ಷೆ ಮುಗಿದು ನಾಲ್ಕಾರು ದಿನವಾಯಿತು. ನೀನು ಕಾಯುತ್ತಿರುತ್ತೀಯ ಎಂದು ಗೊತ್ತಿದ್ದೂ ಬರೆಯಲಿಲ್ಲ. ಮನೆಯಲ್ಲಿ ಕೆಲಸ ಇತ್ತು ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಆ ಸುಳ್ಳು ಬರೆಯುವುದಿಲ್ಲ. ನೀನು ಕಳಿಸಿದ ಟೊಮೇಟೊ ಬೀಜ ತಲುಪಿತು. ಹೂಕುಂಡದಲ್ಲಿ ಹಾಕಿದ್ದೇನೆ.

ಪರೀಕ್ಷೆ ಚೆನ್ನಾಗಿ ಆಯಿತು. ಈ ಸಲ ನನ್ನನ್ನು ಕೋಣೆಯೊಳಗೇ ಕೂರಿಸಿದರು. ನನ್ನ ತುಟಿಯ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಮಾಸ್ಕ್ ಹಾಕಿಕೊಂಡು ಕೂತೆ. ಸೈಕಲ್ ಮೇಷ್ಟ್ರೂ ಬಾಗಿಲಲ್ಲಿ ನಿಂತಿದ್ದರು, ತಮ್ಮ ಹುಡುಗನ ಪರೀಕ್ಷೆಯೇನೋ ಎಂಬಂತೆ. ವಾರ, ತಿಂಗಳು ಸರಿ. ನೂರರಿಂದ ಏಳೇಳು ಕಳೆಯುತ್ತಾ ಎಪ್ಪತ್ತೊಂಬತ್ತರವರೆಗೆ ತಡೆಯಿಲ್ಲದೆ ಬಂದರು, ನಾನಾದರೆ ಬೆರಳು ಮಡಿಸಬೇಕು. ಐದು ಪದಗಳಲ್ಲಿ ನಾಲ್ಕು ಹೇಳಿದರು. ಗಡಿಯಾರದ ಚಿತ್ರ ಬರೆದು ಮುಳ್ಳು ಸರಿಯಾಗಿ ಇಟ್ಟರು. ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಒಂದೊಂದು ಉತ್ತರವೂ ಅವರ ಸ್ವಂತದ್ದು.

ಫಲಿತಾಂಶ ನೋಡಿ ಡಾಕ್ಟರು, "ಇಷ್ಟು ಬರತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ" ಎಂದರು. ಸೈಕಲ್ ಮಾಡಿಸಿದ್ದೋ, ಆಟ ಆಡಿಸಿದ್ದೋ, ನಾಟಕವೋ, ಯಾವುದು ಕೆಲಸ ಮಾಡಿತು ಎಂದು ಕೇಳಿದೆ. "ಬಿಡಿಸಿ ಹೇಳೋಕಾಗಲ್ಲಮ್ಮ. ಎಲ್ಲ ಸೇರಿ ಆಗಿರೋದು. ಬೇರೆಯವರಿಗೆ ಇದೇ ಥರ ಆಗತ್ತೆ ಅಂತಾನೂ ಹೇಳೋಕಾಗಲ್ಲ" ಎಂದರು. ಇನ್ನು ಅವರನ್ನು ಸ್ವಲ್ಪ ಹೊತ್ತು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ನಾನು ಹೊರಗೆ ಹೋಗಿಬರಬಹುದಂತೆ. ನಿನ್ನೆ ಮೂಲೆಯ ಅಂಗಡಿಗೆ ಹೋಗಿ ಸೋಪು ತಂದೆ. ವಾಪಸು ಬಂದಾಗ ಪೇಪರ್ ಓದುತ್ತಿದ್ದರು. ಸರಿಯಾಗಿ ಹಿಡಿದುಕೊಂಡು.

ನಿನ್ನ ಉಪಕಾರ ಮರೆಯುವುದಿಲ್ಲ. ಮಗ ಸೊಸೆಗೆ ಒಳ್ಳೆಯದಾಗಲಿ, ಮೊಮ್ಮಗಳು ಓದಿ ಬಾಳಲಿ. ನಿನ್ನ ಮಂಡಿ ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಲಿ, ನಿನ್ನ ಗಂಟಲು ಹೀಗೇ ಇರಲಿ.

ನಿನ್ನ
ಪಿಸು

ತಾ.ಕ. ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಮೇಲಿನದೆಲ್ಲ ನಿಜ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಟ್ಟಿದ್ದೆ.

"ಮನೇಲಿ ಯಾರ್ಯಾರಿದ್ದೀರಿ ಸರ್?" ಎಂದಳು ಟೀಚರಮ್ಮ. "ಮೂರು ಜನ. ನಾನು, ನನ್ನ ಹೆಂಡತಿ, ಪಿಸು" ಎಂದರು. ಆಕೆಯ ಪೆನ್ನು ನಿಂತಿತು. "ಹೆಂಡತಿ ಹೆಸರು?" "ರಾಣಿ." ಒಂದಿಷ್ಟೂ ತಡವರಿಸಲಿಲ್ಲ. ದಿನಾ ಬೆಳಿಗ್ಗೆ ತಮ್ಮನ್ನು ಗದರುವವಳು, ಬೀಗದ ಕೈ ಹುಡುಕಿಸುವವಳು, ಬಹಳ ಒಳ್ಳೆಯವಳು ಎಂದೂ ಸೇರಿಸಿದರು. "ಹಾಗಾದ್ರೆ ಇಲ್ಲಿ ಮಾಸ್ಕ್ ಹಾಕ್ಕೊಂಡು ಕೂತಿರೋರು?" ಎಂದಾಗ ನನ್ನ ಕಡೆ ತಿರುಗಿ ನಕ್ಕರು. "ಇವ್ಳು ಪಿಸು. ನನ್ನ ಮಾತೆಲ್ಲ ಇವಳ ಹತ್ರ ಇರೋದು. ಇವಳಿಲ್ದೆ ನಾನು ಸ್ಟೇಜ್ ಹತ್ತಲ್ಲ" ಎಂದರು. ಮದುವೆಯಾದಾಗಿನಿಂದ ನನ್ನ ಬಗ್ಗೆ ಅವರು ಆಡಿದ ಅತಿ ಒಳ್ಳೆಯ ಮಾತು ಅದೇ ಇರಬೇಕು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಟೀಚರಮ್ಮ ನನ್ನ ಮುಖ ನೋಡಿದಳು. ನಾನು ಹತ್ತು ಎಣಿಸಿದೆ. ಎಣಿಸಿ ಮುಗಿದ ಮೇಲೂ ಅವರು ನಗುತ್ತಲೇ ಇದ್ದರು, ಒಳಗೆ ಹುಡುಕುವುದು ಏನೂ ಉಳಿದಿರಲಿಲ್ಲ. ಅಷ್ಟು ಧೈರ್ಯವಾಗಿ ಆಡಿದ ಮಾತನ್ನು ತಿದ್ದಬಾರದು. "ಹೊತ್ತಾಯ್ತು, ಮನೆಗೆ ಹೋಗೋಣ" ಎಂದು ಮುಂದಿನ ಮಾತು ಕೊಟ್ಟೆ. "ಹೌದೌದು, ರಾಣಿ ಕಾಯ್ತಿರ್ತಾಳೆ" ಎಂದು ಎದ್ದರು. ಆಮೇಲೆ ಟೀಚರಮ್ಮ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡು, "ಆ ನಾಟಕದಲ್ಲಿ ಹೆಂಡತಿ ಯಾರು ಅಂತ ನಾನು ಮೊದಲೇ ಕೇಳ್ಬೇಕಿತ್ತಮ್ಮ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಹಳೆಯದೂ ಹೊಸದೂ ಬೆರೆತುಬಿಟ್ಟಿವೆ, ನಿಧಾನವಾಗಿ ಬಿಡಿಸೋಣ ಎಂದಳು. ಆಕೆಯ ತಪ್ಪೇನಿದೆ? ನಾಟಕ ಆರಿಸಿದ್ದು ನಾನು, ದನಿ ತರಿಸಿದ್ದು ನಾನು, ದಿನಾ ಬೆಳಿಗ್ಗೆ ಅವರ ಮೈ ಬಿಸಿ ಮಾಡಿ ನಿನ್ನನ್ನು ಅವರ ತಲೆಯೊಳಗೆ ಕೂರಿಸಿದ್ದು ನಾನು. ಮೂರನೆಯ ಕಪ್ ಯಾರದೆಂದು ಈಗ ಗೊತ್ತಾಯಿತು. ಅದನ್ನು ಕುಡಿದವಳೂ ನಾನೇ.

ನಿನ್ನ ಮೇಲೆ ಮುನಿಸಿಲ್ಲ. ಸ್ಟೇಜಿನ ಮೇಲೆ ಅವರು ನಿನಗೆ ಆಡಿದ ಪ್ರೀತಿಯ ಮಾತೆಲ್ಲ ಮೊದಲು ನನ್ನ ಬಾಯಿಂದ ಹೊರಟದ್ದು, ಅದಕ್ಕೆ ಇಷ್ಟು ವರ್ಷ ನನಗೆ ನಗುವೇ ಬರುತ್ತಿತ್ತು. ಆದರೆ ಆ ದಿನ ಹೊಟ್ಟೆ ಉರಿಯಿತು ರಾಣಿ, ಸುಳ್ಳೇಕೆ ಹೇಳಲಿ. ಈಗಲೂ ಉರಿಯುತ್ತಿದೆ.

ಇನ್ನೊಂದೇ ಒಂದು ರೆಕಾರ್ಡ್ ಮಾಡಿ ಕಳಿಸು. ನಾಟಕದಲ್ಲಿ ಇಲ್ಲದ ಮಾತು, ನಾನೇ ಬರೆದದ್ದು. ಜೀವಮಾನದಲ್ಲಿ ನಾನು ಬರೆದ ಸಂಭಾಷಣೆ ಇದೊಂದೇ, ಸಪ್ಪೆಯಾಗಿದ್ದರೆ ತಿದ್ದಿಕೋ: "ರೀ, ನಾನು ನಮ್ಮನೆಗೆ ಹೊರಟೆ. ಈ ಮನೆ ಬೀಗದ ಕೈ ಇವಳ ಹತ್ತಿರ ಇದೆ. ಮೊದಲಿಂದಲೂ ಇವಳ ಹತ್ತಿರವೇ ಇತ್ತು."

ಭಾವ ಚೆನ್ನಾಗಿ ಹಾಕು. ನಾನು ಹೇಳಿದರೆ ಅವರು ನಂಬುವುದಿಲ್ಲ. ನನ್ನ ದನಿಯಲ್ಲಿ ಅದು ಬರೀ ಹೇಳಿಕೊಟ್ಟ ಮಾತಾಗುತ್ತದೆ.